ಕಿಟಕಿ ಸರಿಸಿದ್ದಕ್ಕೆ ಬಿಲ್ ಯಾಕೆ?

ಮನೆ ಕಟ್ಟಿಸುವವರ ಈ ಗೋಳು ಕೇಳಿ ಕೇಳಿ ನನಗೆ ಸಾಕಾಗಿದೆ. "ಮೇಸ್ತ್ರಿ, ಈ ಕಿಟಕಿ ಸ್ವಲ್ಪ ಆ ಕಡೆ ಹಾಕಿಬಿಡಿ" ಅಂತ ನಾವೇ ಹೇಳಿರ್ತೀವಿ. ಗೃಹಪ್ರವೇಶದ ಹೊತ್ತಿಗೆ 'ಎಕ್ಸ್‌ಟ್ರಾ ವರ್ಕ್' ಬಿಲ್ ಬಂದಾಗ, "ಅಗ್ರಿಮೆಂಟಲ್ಲಿ ಇಲ್ವಲ್ಲ" ಅಂತೀವಿ. ಸ್ವಾಮಿ, 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಓದಿ. ಪುಕ್ಕಟೆ ಅಲ್ಲದೆ, ಕಾನೂನುಬದ್ಧವಾಗಿ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು. ಕಾಗದ ಇಲ್ಲ ಅಂತ ಕೊಡೋದು ತಪ್ಪಲ್ಲ. ಎಷ್ಟು ಅನ್ನೋದೇ ಜಗಳ. ಒಡೆಯೋ ಕೂಲಿ, ಹೊಸ ಲಿಂಟಲ್, ಮತ್ತೆ ಪ್ಲಾಸ್ಟರಿಂಗ್, ಕ್ಯೂರಿಂಗ್‌ಗೆ ಹಿಡಿಯುವ ದಿನಗಳು... ಕಿಟಕಿ ಒಂದಡಿ ಸರಿದರೆ ಇಷ್ಟೆಲ್ಲ ಬರುತ್ತೆ. ಸುತ್ತಿಗೆ ಎತ್ತುವ ಮೊದಲೇ ಬದಲಾವಣೆ, ದರ, ಹೆಚ್ಚುವರಿ ದಿನ ಬರೆದು ಇಬ್ಬರೂ ಸಹಿ ಹಾಕಿ. ಕೈಬಿಟ್ಟ ಕೆಲಸದ ದುಡ್ಡು ಕಳೆಯೋದನ್ನೂ ಬರೆಸಿ. ಅದನ್ನು ಮಾತ್ರ ಯಾವ ಮೇಸ್ತ್ರಿಯೂ ತಾನಾಗಿ ನೆನಪಿಸಲ್ಲ.