ಮಾತು ನಡೆಯಿತು, ಬರಹ ನಿಂತಿತು

‘ನೈಟ್’ ಎಂದರೆ ಇರುಳು. ಅದೇ ಉಚ್ಚಾರದ ಇನ್ನೊಂದು ‘ನೈಟ್’ ಉಂಟು; ಅರ್ಥ ವೀರಯೋಧ, ಮೊದಲಲ್ಲಿ ಹೆಚ್ಚಿನದೊಂದು ‘ಕೆ’. ಎರಡರ ನಡುವೆಯೂ ತುಟಿಪಿಟ್ಟೆನ್ನದೆ ಕುಳಿತ ‘ಜಿ’ ಮತ್ತು ‘ಎಚ್’. ನುಡಿದಂತೆ ಬರೆದು ರೂಢಿಯಾದ ಕನ್ನಡದ ಬಾಲಕನಿಗೆ ಇದೊಂದು ಹಾಸ್ಯ. ಉಕ್ತಲೇಖನದಲ್ಲಿ ಅಂಕ ಹೋದಾಗ ಆ ಹಾಸ್ಯವೇ ಅಳುವಾಗುತ್ತದೆ.

ಆದರೆ ಈ ಅಕ್ಷರಗಳು ಹುಟ್ಟುಮೂಗರಲ್ಲ. ಆರು ನೂರು ವರ್ಷಗಳ ಹಿಂದೆ, ಕವಿ ಚಾಸರನ ಕಾಲದಲ್ಲಿ, ಆಂಗ್ಲರು ಆ ಯೋಧನನ್ನು ‘ಕ್ನಿಖ್ಟ್’ ಎಂದೇ ಕರೆಯುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದನು. ಬರಬರುತ್ತ ಅಚ್ಚಿನ ಮೊಳೆಗಳು ಕಾಗುಣಿತವನ್ನು ಬಿಗಿಹಿಡಿದವು. ನಾಲಗೆಯನ್ನು ಹಿಡಿಯುವವರಾರು? ಅದೇ ಶತಮಾನಗಳಲ್ಲಿ ದೀರ್ಘಸ್ವರಗಳು ತಮ್ಮ ನೆಲೆಯನ್ನು ಬದಲಿಸುತ್ತಿದ್ದವು. ‘ಹೂಸ್’ ಎಂಬ ಮನೆ ‘ಹೌಸ್’ ಆಯಿತು. ‘ನಾಮ’ ಎಂದು ನುಡಿಯುತ್ತಿದ್ದುದು (ಸಂಸ್ಕೃತದ ‘ನಾಮ’ಕ್ಕೆ ಅದು ದಾಯಾದಿಯೇ ಸರಿ) ‘ನೇಮ್’ ಆಯಿತು. ಬರಹ ಮಾತ್ರ ಹಳೆಯದೇ ಉಳಿಯಿತು. ಕನ್ನಡದ ದಾರಿ ಬೇರೆ. ‘ಬಾೞೆ’ಯ ೞಕಾರ ನಾಲಗೆಯಿಂದ ಜಾರಿದ ಮೇಲೆ ಬರಹವೂ ಅದನ್ನು ಬಿಟ್ಟು ‘ಬಾಳೆ’ ಎಂದಿತು.

ಕೆಲವು ಮೂಕಾಕ್ಷರಗಳಂತೂ ಪಂಡಿತರ ಕೃಪೆ. ಸಾಲವೆಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟುಂ’ ಪದದ ಮೇಲಿನ ಗೌರವದಿಂದ ವಿದ್ವಾಂಸರು ಅದನ್ನು ನಡುವೆ ತುರುಕಿದರು. ಸಾಲದ ಪದಕ್ಕೂ ಒಂದು ಸಾಲ! ‘ಐಲೆಂಡ್’ ಪದದ ‘ಎಸ್’ ಅಂತೂ ಶುದ್ಧ ತಪ್ಪು. ಅದು ಅಚ್ಚ ಆಂಗ್ಲ ಪದ. ಲ್ಯಾಟಿನ್ ಮೂಲದ ‘ಐಲ್’ಗೆ ನಂಟೆಂದು ಭ್ರಮಿಸಿ ಸೇರಿಸಿದ ಅಕ್ಷರವದು.

ಹೆಸರುಗಳ ಪಾಡು ಇನ್ನೂ ವಿಚಿತ್ರ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರೊಡನೆ ಫ್ರೆಂಚ್ ಹೆಸರುಗಳೂ ಬಂದವು. ‘ಚೆಲುವಾದ ಬಯಲು’ ಎಂಬರ್ಥದ ‘ಬೋಷಾಂ’ ಆಂಗ್ಲರ ಬಾಯಲ್ಲಿ ‘ಬೀಚಂ’ ಆಗಿದೆ. ಬರೆಯುವುದು ಮಾತ್ರ ಫ್ರಾನ್ಸಿನ ಕಾಗುಣಿತದಲ್ಲೇ.

ಈ ಗೋಜಲಿನಿಂದ ಬೇಸತ್ತವರಲ್ಲಿ ನಾಟಕಕಾರ ಬರ್ನಾರ್ಡ್ ಷಾ ಪ್ರಮುಖನು. 1950ರಲ್ಲಿ ತೀರಿಕೊಂಡ ಆತ ಹೊಸ ಲಿಪಿಯೊಂದಕ್ಕಾಗಿ ಉಯಿಲಿನಲ್ಲಿ ಹಣವಿರಿಸಿದ್ದನು. 1962ರಲ್ಲಿ ಆತನ ‘ಆಂಡ್ರೊಕ್ಲೀಸ್ ಅಂಡ್ ದಿ ಲಯನ್’ ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. ಎದುರು ಪುಟದಲ್ಲಿ ಹಳೆಯ ಲಿಪಿ. ಜನ ಹಳೆಯದನ್ನೇ ಓದಿಕೊಂಡರು. ನುಡಿದಂತೆ ಬರೆಯಬೇಕೆಂದರೆ ಯಾರು ನುಡಿದಂತೆ? ‘ಕಾರ್’ ಎನ್ನುವಾಗ ಲಂಡನ್ನಿನವನು ರಕಾರವನ್ನು ನುಂಗುತ್ತಾನೆ, ಸ್ಕಾಟ್ಲೆಂಡಿನವನು ಸ್ಪಷ್ಟವಾಗಿ ಉಚ್ಚರಿಸುತ್ತಾನೆ. ಬಾಲಕನ ಅಂಕ ಕಳೆದ ಆ ‘ಜಿ’, ‘ಎಚ್’ಗಳೂ ಅಲ್ಲಿ ಪೂರ್ತಿ ಸತ್ತಿಲ್ಲ, ಸ್ಕಾಟರ ನಾಡನುಡಿಯಲ್ಲಿ ಇರುಳನ್ನು ‘ನಿಖ್ಟ್’ ಎನ್ನುವವರು ಇಂದಿಗೂ ಇದ್ದಾರೆ.