ಎಳೆ ತಪ್ಪಿದರೆ ಏನು ಮಾಡೋಣ?

ಅಕ್ಕಂದಿರೇ, ಧಾರವಾಡದ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆಯುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತೇವೆ. ತೇರು, ಗೋಪುರ, ಆನೆ ಎಲ್ಲಾ ಲೆಕ್ಕದಿಂದಲೇ ಮೂಡುತ್ತವೆ.

ಗವಂತಿ ಹೊಲಿಗೆ ನೋಡೋಣ. ಹೋಗುವಾಗ 4 ಎಳೆ ಮೇಲೆ, 4 ಎಳೆ ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಒಂದು ಕಡೆ 5 ಎಳೆ ಹಿಡಿದರೆ ಏನಾಗುತ್ತೆ? ಗೆರೆಗೆ ಗೆರೆ ಕೂಡೋದಿಲ್ಲ. ತೇರು ಸೊಟ್ಟ ಆಗುತ್ತೆ. ತಪ್ಪು ಬಟ್ಟೆಯ ಎರಡೂ ಬದಿಗೆ ಕಾಣುತ್ತೆ.

ಗಾಬರಿ ಬೇಡ. ಕತ್ತರಿ ಹಾಕಬೇಡಿ, ಬಟ್ಟೆ ಕತ್ತರಿಸೀತು. ಕಸೂತಿಯಲ್ಲಿ ಗಂಟು ಇಲ್ಲ. ಸೂಜಿಯಿಂದ ದಾರ ಬಿಡಿಸಿ, ತಪ್ಪಿದ ಜಾಗದವರೆಗೆ ಮೆಲ್ಲಗೆ ಬಿಚ್ಚಿ. ಮುಂದೆ ನೋಡೋಣ ಅಂತ ಬಿಟ್ಟರೆ ಇಡೀ ತೇರು ಬಿಚ್ಚಬೇಕು. ಆ ದಿನದ ಕೂಲಿ ಹೋದಂತೆಯೇ.

ಅದಕ್ಕೇ ಒಂದೊಂದು ಸಾಲಿಗೂ ಎಳೆ ಎಣಿಸೋಣ. ಲೆಕ್ಕ ಬರೆದಿಡೋಣ. ಕಲಿತ ಅಂಕಿ ಕೈಕೆಲಸಕ್ಕೂ ಬರಲಿ.