ಹಿಂದಕ್ಕೆ ಹರಿಯುವ ಹೊಳೆ

ಮಕ್ಕಳೇ, ಹೊಳೆ ಯಾವ ಕಡೆ ಹರಿಯುತ್ತದೆ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ಬೆಟ್ಟದಿಂದ ಕಡಲಿನ ಕಡೆಗೆ ಎನ್ನುತ್ತೀರಿ. ಸರಿಯೇ. ಆದರೆ ನಾನು ಕೆಲಸಕ್ಕಿರುವ ಲಂಡನ್ನಿನಲ್ಲಿ ಥೇಮ್ಸ್ ನದಿ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ!

ಇದಕ್ಕೆ ಕಾರಣ ಕಡಲಿನ ಉಬ್ಬರ. ಚಂದ್ರ, ಸೂರ್ಯರ ಸೆಳೆತಕ್ಕೆ ಕಡಲು ಉಬ್ಬಿದಾಗ ಆ ನೀರು ನದಿಯೊಳಗೆ ನುಗ್ಗುತ್ತದೆ. ನಗರದ ನಡುಭಾಗವನ್ನು ದಾಟಿ ಟೆಡ್ಡಿಂಗ್ಟನ್ ಎಂಬಲ್ಲಿಯವರೆಗೂ ಇದರ ಪ್ರಭಾವವಿದೆ. ಸುಮಾರು ಆರು ಗಂಟೆ ಏರಿದ ನೀರು ಮತ್ತೆ ಇಳಿಯುತ್ತದೆ. ಈ ಏರಿಳಿತ ಕೆಲವು ದಿನ 7 ಮೀಟರ್‌ನಷ್ಟು, ಅಂದರೆ ಎರಡಂತಸ್ತಿನ ಮನೆಯ ಎತ್ತರ! ಕರಾವಳಿಯ ಮಕ್ಕಳಿಗೆ ಇದು ಹೊಸದಲ್ಲ. ನೇತ್ರಾವತಿಯ ಅಳಿವೆಯಲ್ಲೂ ಭರತ-ಇಳಿತ ಉಂಟು. ತೀರ್ಥಹಳ್ಳಿಯ ತುಂಗೆಯನ್ನು ನೋಡಿ ಬೆಳೆದ ನನಗೆ ಮಾತ್ರ ಸೋಜಿಗ.

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ದಿನವಿಡೀ ಒಂದು ಕನ್ನಡ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಕೋಣೆಗೆ ಬಂದರೆ ಗೋಡೆಗಳಷ್ಟೇ. ವಾಪಸ್ ಹೊರಡೋಣ ಎಂದು ಎಷ್ಟೋ ಸಲ ಪೆಟ್ಟಿಗೆ ತೆರೆದಿಟ್ಟಿದ್ದೆ. ಆಗೆಲ್ಲ ಹೊಳೆಯ ದಡಕ್ಕೆ ಹೋಗಿ ಕೂರುವುದು ರೂಢಿಯಾಯಿತು.

ನಾನು ಕೂರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಡದಲ್ಲಿ. ದೀಪಗಳೂ ಜನರ ಓಡಾಟವೂ ಇರುವ ಜಾಗ ಅದು. ಅಲ್ಲಿ ಯಾರಿದ್ದಾರೆ ಗೊತ್ತೇ? ನಮ್ಮ ಬಸವಣ್ಣ! 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ. ನದಿಯ ಆಚೆಗೆ ಬ್ರಿಟನ್ನಿನ ಪಾರ್ಲಿಮೆಂಟ್ ಭವನ ಕಾಣುತ್ತದೆ. ದಡದ ಕಲ್ಲುಗೋಡೆಯಲ್ಲಿ ಸಾಲಾಗಿ ಸಿಂಹದ ತಲೆಗಳಿವೆ. ಒಂದೊಂದರ ಬಾಯಲ್ಲೂ ದೋಣಿ ಕಟ್ಟುವ ಬಳೆ. ಆ ಸಿಂಹಗಳು ನೀರು ಕುಡಿದರೆ ಲಂಡನ್ ಮುಳುಗುತ್ತದೆ ಎಂಬ ಮಾತು ಇಲ್ಲಿ ಬಳಕೆಯಲ್ಲಿದೆ.

1957ರಲ್ಲಿ ಇದೇ ನದಿ ಸತ್ತುಹೋಗಿದೆ ಎಂದು ಇಲ್ಲಿನ ವಿಜ್ಞಾನಿಗಳು ಹೇಳಿದ್ದರು. ಕೊಳಚೆಯಿಂದ ನೀರಿನ ಆಮ್ಲಜನಕ ಅಷ್ಟು ಕುಸಿದಿತ್ತು. ಮುಂದೆ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡತೊಡಗಿದರು. ಮೀನು ಮರಳಿದವು. ಈಗ ಸೀಲ್‌ಗಳೂ ಕಾಣಿಸುತ್ತವೆ.

ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹನ್ನೊಂದಾದರೆ ಊರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅಜ್ಜಿ ಏಳುವ ಹೊತ್ತು. ಒಂದು ರಾತ್ರಿ ದಡದಿಂದಲೇ ಫೋನ್ ಮಾಡಿ, ಹೊಳೆ ಹಿಂದಕ್ಕೆ ಹೋಗ್ತಿದೆ ಎಂದೆ.

“ಹೊಳೆ ಎಲ್ಲಾದ್ರೂ ಹಿಂದಕ್ಕೆ ಹೋಗ್ತದೇನೋ ಮಾರಾಯ!” ಎಂದು ಅಜ್ಜಿ ನಕ್ಕಳು. ಉಬ್ಬರದ ವಿಷಯ ವಿವರಿಸಿದೆ. ಸ್ವಲ್ಪ ಸುಮ್ಮನಿದ್ದು ಕೇಳಿದಳು: “ಹಂಗಾದ್ರೆ ಮತ್ತೆ ಮುಂದಕ್ಕೂ ಹೋಗ್ತದಲ್ಲ?”

“ಹೌದಜ್ಜಿ, ಇನ್ನು ಸ್ವಲ್ಪ ಹೊತ್ತಿಗೆ.”

“ಹಂಗಾದ್ರೆ ಅದು ತಿರುಗೋದನ್ನ ನೋಡ್ಕೊಂಡೇ ಮನೆಗೆ ಹೋಗು. ನಾನೂ ಫೋನ್ ಇಡೋದಿಲ್ಲ.”

ಇಬ್ಬರೂ ಕಾದೆವು. ಅಲ್ಲಿ ಅಜ್ಜಿ ಒಲೆ ಹಚ್ಚುವ ಸದ್ದು, ಇಲ್ಲಿ ನೀರಿನ ಸದ್ದು. ಮೇಲಕ್ಕೆ ತೇಲುತ್ತಿದ್ದ ಮರದ ತುಂಡೊಂದು ನಿಧಾನವಾಗಿ ನಿಂತಿತು. ಆಮೇಲೆ ಕಡಲಿನ ಕಡೆಗೆ ಹೊರಟಿತು. ಆ ವಾರ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದೆ.

ಅಜ್ಜ-ಅಜ್ಜಿಯರೇ, ದೂರದ ಮೊಮ್ಮಕ್ಕಳಿಗೆ “ಊಟ ಆಯ್ತಾ?” ಎಂದು ಕೇಳುತ್ತೀರಲ್ಲ, ಜೊತೆಗೆ ಎದುರಿಗೆ ಏನು ಕಾಣುತ್ತಿದೆ ಎಂದೂ ಕೇಳಿ. ಮಕ್ಕಳೇ, ನೀವೂ ಅವರಿಗೆ ಹೇಳಿ. ನನ್ನಜ್ಜಿ ಈಗ ಊಟದ ವಿಷಯಕ್ಕೂ ಮೊದಲು ಕೇಳುವುದು, “ಹೊಳೆ ಇವತ್ತು ಯಾವ ಕಡೆಗೆ?”